ಸೂಜಿ ನಿಲ್ಲುವ ಶೂ

ಮೊನ್ನೆ ರಾತ್ರಿ ಫೋನ್ ಮಾಡಿ, "ಮಾವ, ಕೆಲಸ ಸಿಕ್ತು, ಒಂದನೇ ತಾರೀಕು ಸೇರ್ಕೋಬೇಕು" ಅಂದೆಯಲ್ಲ, ಆ ಸಂತೋಷದಲ್ಲಿ ನನಗೆ ಮಾತೇ ಹೊರಡಲಿಲ್ಲ. ಬೆಂಗಳೂರು, ಖಾಸಗಿ ಬ್ಯಾಂಕು, ಸಾಲದ ವಿಭಾಗ. ಬೆಳಿಗ್ಗೆ ಶಾಖೆಗೆ ಹೋಗಿ ಸಹಿ ಹಾಕಿ, ಆಮೇಲೆ ಸಂಜೆಯವರೆಗೂ ಅಂಗಡಿ, ಗೋದಾಮು, ಮನೆ ಅಂತ ತಿರುಗುವ ಕೆಲಸ. ನಿನ್ನಮ್ಮ ನಿನ್ನ ಊಟದ ಚಿಂತೆ ಮಾಡುತ್ತಿದ್ದಾಳೆ, ನಿನ್ನಪ್ಪ ಬಾಡಿಗೆ ಕೋಣೆಯ ಚಿಂತೆ ಮಾಡುತ್ತಿದ್ದಾರೆ. ನನಗೆ ಬಂದದ್ದು ನಿನ್ನ ಕಾಲಿನ ಚಿಂತೆ.

ಫೋನ್ ಇಡುವ ಮುಂಚೆ ನೀನು ಇನ್ನೊಂದು ಮಾತು ಹೇಳಿದೆ. "ಫಾರ್ಮಲ್ ಶೂ ಕಡ್ಡಾಯ ಅಂತೆ ಮಾವ. ಆನ್‌ಲೈನಲ್ಲಿ 799ಕ್ಕೆ ಒಂದು ಜೊತೆ ನೋಡಿಟ್ಟಿದೀನಿ, ಕನ್ನಡಿ ಥರ ಹೊಳೆಯತ್ತೆ." ಎರಡು ದಿನ ತಡಿ, ಆರ್ಡರ್ ಹಾಕಬೇಡ ಅಂದೆ. ಯಾಕೆ ಅಂತ ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಮೂವತ್ತೈದು ವರ್ಷ ಔಷಧ ಕಂಪನಿಯ ಪ್ರತಿನಿಧಿಯಾಗಿ ಶಿವಮೊಗ್ಗ, ಸಾಗರ, ಹೊಸನಗರ, ತೀರ್ಥಹಳ್ಳಿ ಸುತ್ತಿದವನು ನಾನು. ಬಸ್ಸಿನಲ್ಲಿ ನಿಂತು, ಆಸ್ಪತ್ರೆಯ ಮೆಟ್ಟಿಲು ಹತ್ತಿಳಿದು, ಡಾಕ್ಟರ ಕೋಣೆಯ ಬಾಗಿಲಲ್ಲಿ ಗಂಟೆಗಟ್ಟಲೆ ಕಾದು ದುಡಿದವನು. ನನ್ನ ಅನ್ನ ಹುಟ್ಟಿದ್ದು ಈ ಎರಡು ಕಾಲಿನಿಂದ. ಹಾಗಾಗಿ ಶೂ ವಿಷಯದಲ್ಲಿ ನನ್ನ ಮಾತು ಕೇಳು.

1988ರ ಜೂನ್. ಕೆಲಸಕ್ಕೆ ಸೇರಿ ಮೂರನೇ ವಾರ. ಸೇರುವ ಹಿಂದಿನ ದಿನ ಪೇಟೆಯಲ್ಲಿ ತಗೊಂಡಿದ್ದ ಶೂ. ಅದೂ ಕನ್ನಡಿಯ ಹಾಗೆಯೇ ಹೊಳೆಯುತ್ತಿತ್ತು. ತೀರ್ಥಹಳ್ಳಿಯಲ್ಲಿ ಅಂದು ಬೆಳಿಗ್ಗೆಯಿಂದ ಎಡೆಬಿಡದ ಮಳೆ. ಒಬ್ಬ ಹಿರಿಯ ಡಾಕ್ಟರ ಕ್ಲಿನಿಕ್ಕಿನ ಮೆಟ್ಟಿಲು ಹತ್ತುವಾಗ ಬಲಗಾಲಿನ ಸೋಲು ಮುಂದಿನಿಂದ ಬಾಯಿ ಬಿಟ್ಟಿತು. ಹೆಜ್ಜೆ ಹಾಕಿದರೆ ಟಪ್ ಟಪ್ ಸದ್ದು. ಸ್ಯಾಂಪಲ್ ಕಟ್ಟಿದ್ದ ರಬ್ಬರ್ ಬ್ಯಾಂಡ್ ಬಿಚ್ಚಿ ಶೂಗೆ ಸುತ್ತಿಕೊಂಡು ಒಳಗೆ ಹೋದೆ. ಡಾಕ್ಟರು ಒಳ್ಳೆಯವರು, ಏನೂ ಅನ್ನಲಿಲ್ಲ. ಆದರೆ ನಾನು ಬಾಯಿಪಾಠ ಮಾಡಿಕೊಂಡು ಹೋಗಿದ್ದ ಔಷಧದ ವಿವರವೆಲ್ಲ ಮರೆತುಹೋಯಿತು. ಮನಸ್ಸೆಲ್ಲ ಕಾಲಿನ ಹತ್ತಿರವೇ ಇತ್ತು. ಐದು ನಿಮಿಷ ಮಾತಾಡಬೇಕಾದವನು ಎರಡು ನಿಮಿಷಕ್ಕೆ ಎದ್ದು ಬಂದೆ.

ಬಸ್ ನಿಲ್ದಾಣದ ಹತ್ತಿರ, ಗೋಣಿತಾಟಿನ ಮರೆಯಲ್ಲಿ ಚಪ್ಪಲಿ ಹೊಲಿಯುವ ಒಬ್ಬ ಅಜ್ಜ ಕೂತಿದ್ದರು. ಶೂ ಬಿಚ್ಚಿ ಕೊಟ್ಟೆ. ಅವರು ಅದನ್ನು ತಿರುಗಿಸಿ, ಒಳಗೆ ಬೆರಳು ಹಾಕಿ ಒತ್ತಿದರು. ಕಾಲಡಿಯ ಪದರ ಗಂಜಿಯ ಹಾಗೆ ಬೆರಳಿಗೆ ಮೆತ್ತಿಕೊಂಡು ಬಂತು. ಬರೀ ರಟ್ಟು. ಅದಕ್ಕೆ ಬಟ್ಟೆ ಅಂಟಿಸಿದ್ದರು, ಬಟ್ಟೆಗೆ ಬಣ್ಣದ ಪ್ಲಾಸ್ಟಿಕ್ ಹಾಳೆ, ಕೆಳಗೆ ಗಮ್ಮಿನಲ್ಲಿ ಕೂರಿಸಿದ ಸೋಲು. ಅಜ್ಜ ದಬ್ಬಳ ಚುಚ್ಚಿ ತೋರಿಸಿದರು. ಚುಚ್ಚಿದ ಕಡೆಯೆಲ್ಲ ಹರಿಯಿತು. ಅವರು ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ: "ಹೊಲಿಯೋಕೆ ನಾನೇನೋ ತಯಾರು ಸಾರ್. ಸೂಜಿ ನಿಲ್ಲೋಕೆ ಜಾಗ ಬೇಕಲ್ಲ?"

ಇಷ್ಟುದ್ದ ಬರೆಯಲು ಹೊರಟದ್ದು ಆ ಒಂದು ಮಾತನ್ನು ನಿನಗೆ ದಾಟಿಸುವುದಕ್ಕೆ. ಸೂಜಿ ನಿಲ್ಲುವ ಶೂ ತಗೋ. ಹೊಸದಾಗಿದ್ದಾಗ ಎಲ್ಲ ಶೂ ಚಂದವೇ. ಕೆಟ್ಟಾಗ ರಿಪೇರಿ ಆಗುತ್ತದೋ ಇಲ್ಲವೋ ಅನ್ನುವುದರಲ್ಲಿ ಒಳ್ಳೆಯ ಶೂ ಯಾವುದು, ಬೆಡಗಿನ ಶೂ ಯಾವುದು ಅಂತ ಗೊತ್ತಾಗುತ್ತದೆ.

ಮೊದಲು ದುಡ್ಡಿನ ಲೆಕ್ಕ ನೋಡೋಣ, ಯಾಕೆಂದರೆ ನೀನು 799ರ ಹತ್ತಿರ ನಿಂತದ್ದು ದುಡ್ಡಿನ ಕಾರಣಕ್ಕೇ. ಅದು ತಪ್ಪಲ್ಲ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ಆದರೆ ಹಾಸಿಗೆಯ ಉದ್ದವನ್ನು ಸರಿಯಾಗಿ ಅಳೆಯಬೇಕು. ವಾರಕ್ಕೆ ಆರು ದಿನ ತಿರುಗುವ ಕೆಲಸಕ್ಕೆ ಎಂಟುನೂರು ರೂಪಾಯಿಯ ರೆಕ್ಸಿನ್ ಶೂ ನಾಲ್ಕು ತಿಂಗಳು ಬಂದರೆ ಹೆಚ್ಚು; ಇದು ನನ್ನ ಮತ್ತು ನನ್ನ ಜೊತೆಗಾರರ ಅನುಭವ. ವರ್ಷಕ್ಕೆ ಮೂರು ಜೊತೆ, ಎರಡು ವರ್ಷಕ್ಕೆ ಆರು ಜೊತೆ, ಒಟ್ಟು 4800 ರೂಪಾಯಿ. ಆರೂ ಜೊತೆ ಕಸಕ್ಕೆ. ಈಗ ಇನ್ನೊಂದು ಲೆಕ್ಕ. 2800 ರೂಪಾಯಿಯ ಚರ್ಮದ ಶೂ ಒಂದು ಜೊತೆ. ತಂದ ವಾರವೇ ಸುತ್ತ ಹೊಲಿಗೆ ಹಾಕಿಸಲು 150, ಎರಡು ಸಲ ಹಿಮ್ಮಡಿ ಬದಲಿಸಲು 300, ಒಂದು ಸಲ ಸೋಲು ಹಾಕಿಸಲು 600, ಪಾಲಿಶು, ಬ್ರಶ್ಶು ಅಂತ 300. ಎರಡು ವರ್ಷಕ್ಕೆ 4150. ರಿಪೇರಿ ದರ ಊರಿಂದ ಊರಿಗೆ ಸ್ವಲ್ಪ ಹೆಚ್ಚುಕಮ್ಮಿ ಇರಬಹುದು, ಆದರೆ ಲೆಕ್ಕ ತಲೆಕೆಳಗಾಗುವುದಿಲ್ಲ. ಮೂರನೇ ವರ್ಷ ಶುರುವಾದಾಗ ಈ ಶೂ ಇನ್ನೂ ನಿನ್ನ ಕಾಲಲ್ಲೇ ಇರುತ್ತದೆ. ಅಗ್ಗದ ದಾರಿ ಹಿಡಿದವನು ಆಗ ಏಳನೇ ಜೊತೆ ಹುಡುಕುತ್ತಿರುತ್ತಾನೆ.

ಹಾಗಂತ ಸಾಲ ಮಾಡಿ ಎಂಟು ಹತ್ತು ಸಾವಿರದ್ದು ತಗೋ ಅಂತಲೂ ನಾನು ಹೇಳುವುದಿಲ್ಲ. ಕಾಲಿಗೆ ಹಾಕುವ ವಸ್ತುವಿಗೆ ಇಎಂಐ ಬೇಡ. ಇನ್ನೊಂದು ವಿಷಯ ನೆನಪಿಟ್ಟುಕೋ. 2025ರ ಸೆಪ್ಟೆಂಬರ್ 22ರಿಂದ ಜೊತೆಗೆ 2500 ರೂಪಾಯಿವರೆಗಿನ ಪಾದರಕ್ಷೆಗೆ ಜಿಎಸ್‌ಟಿ ಶೇ 5, ಅದಕ್ಕಿಂತ ಮೇಲಿನದಕ್ಕೆ ಶೇ 18. ಆದ್ದರಿಂದ ಆ ಗೆರೆಯ ಆಚೆ ಈಚೆ ಇರುವ ಎರಡು ಶೂ ನೋಡುವಾಗ ಬೆಲೆಯ ವ್ಯತ್ಯಾಸ ತೆರಿಗೆಯದೋ ಮಾಲಿನದೋ ಅಂತ ಯೋಚಿಸು. ನಿನ್ನ ಸಂಬಳಕ್ಕೆ ಎರಡರಿಂದ ಮೂರು ಸಾವಿರದ ಒಳಗಿನ ಶೂ ಸಾಕು. ಅಷ್ಟರಲ್ಲಿ ಒಳ್ಳೆಯದು ಸಿಗುತ್ತದೆ, ನೋಡಿ ಕೊಳ್ಳಲು ಗೊತ್ತಿರಬೇಕು.

ನೋಡುವುದು ಹೇಗೆ? ಮೇಲಿನ ಚರ್ಮದಿಂದ ಶುರುಮಾಡು. ಬೆರಳುಗಳು ಮಡಿಯುವ ಜಾಗದಲ್ಲಿ ಹೆಬ್ಬೆರಳಿಂದ ಒತ್ತು. ಚರ್ಮವಾದರೆ ಒತ್ತಿದ ಜಾಗದ ಸುತ್ತ ನಮ್ಮ ಕೈಚರ್ಮದ ಹಾಗೆಯೇ ಸಣ್ಣ ಸಣ್ಣ ಗೆರೆ ಮೂಡಿ, ಬೆರಳು ತೆಗೆದರೆ ಮಾಯವಾಗುತ್ತವೆ. ರೆಕ್ಸಿನ್ ಆದರೆ ಒಂದೇ ದೊಡ್ಡ ತಗ್ಗು ಬೀಳುತ್ತದೆ. ಆಮೇಲೆ ಲೇಸಿನ ಕೆಳಗಿನ ನಾಲಿಗೆಯನ್ನು ಎತ್ತಿ ಅದರ ಕತ್ತರಿಸಿದ ಅಂಚು ನೋಡು. ಚರ್ಮದ ಅಂಚಿನಲ್ಲಿ ಒಂದೇ ದಪ್ಪದ ನಾರುನಾರಾದ ಪದರ ಕಾಣುತ್ತದೆ. ರೆಕ್ಸಿನ್ ಅಂಚಿನಲ್ಲಿ ಮೇಲೆ ತೆಳು ಪ್ಲಾಸ್ಟಿಕ್, ಕೆಳಗೆ ನೇಯ್ದ ಬಟ್ಟೆ ಎರಡೂ ಬೇರೆಬೇರೆಯಾಗಿ ಕಾಣುತ್ತವೆ. ಕೆಲವು ಶೂಗಳ ಒಳಗೆ ಅಥವಾ ಸೋಲಿನ ಮೇಲೆ ಸಣ್ಣ ಚಿತ್ರಗಳಿರುತ್ತವೆ. ಅದು ಯುರೋಪಿನ ಮಾರುಕಟ್ಟೆಯ ನಿಯಮದಿಂದ ಬಂದ ಗುರುತು. ಹರಡಿಟ್ಟ ತೊಗಲಿನ ಆಕಾರ ಇದ್ದರೆ ಚರ್ಮ. ಆ ತೊಗಲಿನ ಒಳಗೊಂದು ವಜ್ರಾಕೃತಿ ಇದ್ದರೆ ಮೇಲೆ ಲೇಪ ಬಳಿದ ಚರ್ಮ. ಬಲೆಯಂಥ ಗುರುತು ಬಟ್ಟೆ. ಬರೀ ವಜ್ರಾಕೃತಿ ಅಂದರೆ ರೆಕ್ಸಿನ್, ರಬ್ಬರಿನಂಥ ಬೇರೆ ಮಾಲು. ಮೇಲ್ಭಾಗ, ಒಳಪದರ, ಸೋಲು ಮೂರಕ್ಕೂ ಬೇರೆ ಬೇರೆ ಗುರುತು ಇರುತ್ತದೆ, ಮೂರನ್ನೂ ಓದು. "ಜೆನ್ಯುಯಿನ್ ಲೆದರ್" ಅಂತ ದೊಡ್ಡದಾಗಿ ಅಚ್ಚೊತ್ತಿದ ಮಾತ್ರಕ್ಕೆ ಇಡೀ ಶೂ ಒಳ್ಳೆಯ ಚರ್ಮದ್ದು ಅಂದುಕೊಳ್ಳಬೇಡ.

ಅತಿ ಹೊಳಪಿನದು ಬೇಡವೇ ಬೇಡ. ತೊಗಲಿನ ಮೇಲ್ಪದರ ಸೀಳಿ ತೆಗೆದ ಮೇಲೆ ಉಳಿದ ಕೆಳಪದರಕ್ಕೆ ದಪ್ಪಗೆ ಬಣ್ಣ ಬಳಿದರೆ ಅಂಥ ಹೊಳಪು ಬರುತ್ತದೆ. ಎರಡು ತಿಂಗಳು ನಡೆದ ಮೇಲೆ ಬೆರಳು ಮಡಿಯುವ ಜಾಗದಲ್ಲಿ ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಬಿಡುತ್ತದೆ. ಆ ಬಿರುಕಿಗೆ ಯಾವ ಪಾಲಿಶೂ ಮದ್ದಲ್ಲ. ಹೊಸದರಲ್ಲಿ ಸ್ವಲ್ಪ ಮಂಕಾಗಿದ್ದು, ಬ್ರಶ್ಶು ತಿಕ್ಕಿದಷ್ಟೂ ಕಳೆ ಬರುವ ಚರ್ಮ ನಿನಗೆ ಬೇಕು.

ಈಗ ಶೂವನ್ನು ತಲೆಕೆಳಗು ಮಾಡು. ಅಂಗಡಿಯಲ್ಲಿ ಯಾರೂ ಮಾಡದ ಕೆಲಸ ಇದು, ಮಾಡಲೇಬೇಕಾದ ಕೆಲಸವೂ ಇದೇ. ಸೋಲಿನ ಸುತ್ತ ಹೊಲಿಗೆ ಕಾಣುತ್ತದೆಯಾ? ಕಂಡರೆ ಉಗುರಿನಿಂದ ಕೆರೆದು ನೋಡು. ಎಷ್ಟೋ ಶೂಗಳಲ್ಲಿ ಅದು ಅಚ್ಚಿನಲ್ಲೇ ಮೂಡಿಸಿದ ಹುಸಿ ಹೊಲಿಗೆ. ನಿಜವಾದ ದಾರವಾದರೆ ಉಗುರಿಗೆ ಎಳೆ ಸಿಗುತ್ತದೆ, ಅದು ಸೋಲಿನ ಮೇಲಿಂದ ಇಳಿದು ಕೆಳಗೋ ಬದಿಗೋ ಕಾಣಿಸುತ್ತದೆ. ಶೂ ಕಟ್ಟುವ ವಿಧಾನಗಳಲ್ಲಿ ತುಂಬ ಹೆಸರಾದದ್ದು ಗುಡ್‌ಇಯರ್ ವೆಲ್ಟ್. ರಬ್ಬರನ್ನು ಹದಗೊಳಿಸುವ ವಿಧಾನ ಕಂಡುಹಿಡಿದ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಅವರ ಮಗ, ಹತ್ತೊಂಬತ್ತನೇ ಶತಮಾನದಲ್ಲಿ ಬಳಕೆಗೆ ತಂದ ಯಂತ್ರದಿಂದ ಆ ಹೆಸರು. ಮೇಲಿನ ಚರ್ಮಕ್ಕೂ ಒಳಅಟ್ಟೆಗೂ ಒಂದು ಚರ್ಮದ ಪಟ್ಟಿಯನ್ನು ಸೇರಿಸಿ ಹೊಲಿದು, ಆ ಪಟ್ಟಿಗೆ ಹೊರಗಿನ ಸೋಲನ್ನು ಇನ್ನೊಂದು ಹೊಲಿಗೆಯಲ್ಲಿ ಕೂಡಿಸುತ್ತಾರೆ. ಸೋಲು ಸವೆದರೆ ಹೊರಹೊಲಿಗೆ ಬಿಚ್ಚಿ ಹೊಸ ಸೋಲು ಹಾಕಬಹುದು, ಮೇಲಿನ ಚರ್ಮಕ್ಕೆ ನೋವಿಲ್ಲ. ಆದರೆ ಅಂಥದ್ದು ಆರೇಳು ಸಾವಿರಕ್ಕಿಂತ ಕಡಿಮೆಗೆ ಸಿಗುವುದು ಕಷ್ಟ. ಮುಂದೆ ಬಡ್ತಿ ಸಿಕ್ಕಾಗ ನೋಡಿಕೋ.

ನಿನ್ನ ಈಗಿನ ದುಡ್ಡಿಗೆ ಸಿಗುವುದು ಬಹುಪಾಲು ಗಮ್ಮಿನಲ್ಲಿ ಅಂಟಿಸಿದ ಶೂವೇ. ಗಮ್ಮಿನದು ಅಂದಾಕ್ಷಣ ಕೆಟ್ಟದ್ದಲ್ಲ. ನೋಡಬೇಕಾದ್ದು ಇಷ್ಟು: ಸೋಲಿನ ಅಂಚು ದಪ್ಪವಾಗಿದೆಯಾ, ಮೇಲಿನ ಚರ್ಮವನ್ನು ಬಟ್ಟಲಿನ ಹಾಗೆ ಸ್ವಲ್ಪ ಮೇಲಕ್ಕೆ ಹಿಡಿದುಕೊಂಡಿದೆಯಾ, ಗಟ್ಟಿ ರಬ್ಬರಾ ಇಲ್ಲ ಬೆಂಡಿನಂಥ ಹಗುರ ವಸ್ತುವಾ? ದಪ್ಪ ಅಂಚಿದ್ದರೆ ನಮ್ಮ ಊರಿನ ಜನ ತಲೆತಲಾಂತರದಿಂದ ಮಾಡಿಕೊಂಡು ಬಂದ ಉಪಾಯ ಮಾಡು. ಹಾಕುವ ಮೊದಲೇ ರಿಪೇರಿಯವರ ಹತ್ತಿರ ಒಯ್ದು ಸುತ್ತ ಹೊಲಿಗೆ ಹಾಕಿಸು. ಮೇಣ ತೀಡಿದ ದಾರದಲ್ಲಿ, ಕೊಕ್ಕೆಯ ಸೂಜಿಯಿಂದ, ಅರ್ಧ ಗಂಟೆಯಲ್ಲಿ ಹಾಕಿಕೊಡುತ್ತಾರೆ. ಆಮೇಲೆ ಮಳೆಗೆ ಗಮ್ಮು ಬಿಟ್ಟರೂ ಹೊಲಿಗೆ ಬಿಡುವುದಿಲ್ಲ.

ಸೋಲಿನ ಮಾಲಿನ ಬಗ್ಗೆ ಎರಡು ಮಾತು. ಪಿವಿಸಿ ಅಗ್ಗ, ಆದರೆ ಭಾರ. ಒದ್ದೆ ನೆಲದಲ್ಲಿ ಜಾರುತ್ತದೆ. ಮೆಟ್ರೊ ನಿಲ್ದಾಣದ ನುಣುಪು ಕಲ್ಲಿನ ಮೇಲೆ ಮಳೆಗಾಲದಲ್ಲಿ ನಡೆಯಬೇಕಾದವನಿಗೆ ಅದು ಬೇಡ. ಚರ್ಮದ ಸೋಲು ನೋಡಲು ಚಂದ, ಕೊಳೆನೀರಿನ ಬೀದಿಗೆ ಆಗಿಬರುವುದಿಲ್ಲ. ರಬ್ಬರು, ಇಲ್ಲವೇ ಟಿಪಿಆರ್ ಅನ್ನುವ ರಬ್ಬರಿನಂಥ ಮಾಲು ನಿನಗೆ ಸರಿ. ಪಿಯು ಸೋಲು ಹಗುರ, ಮೆತ್ತಗೆ, ಹಾಕಿಕೊಂಡರೆ ಹಿತ. ಆದರೆ ಗಾಳಿಯ ತೇವವೇ ಅದನ್ನು ಒಳಗಿಂದ ಮುರಿಯುತ್ತ ಹೋಗುತ್ತದೆ. ನಿನ್ನ ಅಣ್ಣನ ಮದುವೆಯಲ್ಲಿ ಮೂರು ವರ್ಷ ಪೆಟ್ಟಿಗೆಯಲ್ಲಿಟ್ಟಿದ್ದ ಹೊಸ ಶೂ ಹಾಕಿಕೊಂಡು ಬಂದ ನಿನ್ನ ಚಿಕ್ಕಪ್ಪನ ಕಾಲಡಿಯಿಂದ ಸೋಲು ರವೆ ಉದುರಿದ ಹಾಗೆ ಉದುರಿತ್ತು, ನೆನಪಿದೆಯಾ? ಅದು ಇದೇ. ಒಮ್ಮೆಯೂ ಹಾಕದೆ ಇಟ್ಟರೂ ಅದು ಹಾಗೆ ಪುಡಿಯಾಗುತ್ತದೆ. ಆದ್ದರಿಂದ ಭಾರಿ ರಿಯಾಯಿತಿಯಲ್ಲಿ ಕೊಳ್ಳುವಾಗ, ತಯಾರಾದ ತಿಂಗಳು, ವರ್ಷ ಪೆಟ್ಟಿಗೆಯ ಮೇಲೆ ಅಚ್ಚಾಗಿರುವುದನ್ನು ಓದು. ಎರಡು ಮೂರು ವರ್ಷ ಗೋದಾಮಿನಲ್ಲಿ ಕೂತ ಪಿಯು ಸೋಲಿನ ಶೂ ಅರ್ಧ ಬೆಲೆಗೆ ಕೊಟ್ಟರೂ ಬೇಡ.

ಕೊನೆಯದಾಗಿ, ಎರಡೂ ತುದಿ ಹಿಡಿದು ಶೂ ಬಗ್ಗಿಸು. ಬೆರಳಿನ ಬುಡದ ಹತ್ತಿರ ಬಗ್ಗಬೇಕು, ನಡುವೆ ಬಗ್ಗಬಾರದು. ನಡುವೆ ಪುಸ್ತಕದ ಹಾಗೆ ಮಡಿಚಿಕೊಂಡರೆ ಒಳಗೆ ಆಧಾರದ ಪಟ್ಟಿ ಇಲ್ಲ ಅಂತ ಅರ್ಥ. ಅಂಥದ್ದನ್ನು ಹಾಕಿ ದಿನವಿಡೀ ನಿಂತರೆ ಸಂಜೆಗೆ ಅಂಗಾಲು ಉರಿಯುತ್ತದೆ. ಹಿಮ್ಮಡಿಯ ಹಿಂಭಾಗವನ್ನು ಹೆಬ್ಬೆರಳಿಂದ ಒತ್ತಿ ನೋಡು, ಗಟ್ಟಿಯಾಗಿರಬೇಕು. ಅಲ್ಲಿ ರಟ್ಟು ಇಟ್ಟಿದ್ದರೆ ತಿಂಗಳಲ್ಲಿ ಕುಸಿಯುತ್ತದೆ.

ಮಾದರಿ ಯಾವುದು ಅಂತ ಕೇಳಿದರೆ, ಕಪ್ಪು ಬಣ್ಣದ, ಲೇಸು ಕಟ್ಟುವ, ಏನೂ ಅಲಂಕಾರವಿಲ್ಲದ ಡರ್ಬಿ. ಲೇಸಿನ ಎರಡು ಮಗ್ಗುಲು ಬಾಗಿಲ ಹಾಗೆ ತೆರೆದುಕೊಳ್ಳುವುದು ಡರ್ಬಿ, ಕೆಳಗೆ ಹೊಲಿದು ಮುಚ್ಚಿದ್ದು ಆಕ್ಸ್‌ಫರ್ಡ್. ಕಾಲು ಅಗಲ ಇರುವವರಿಗೆ, ಸಂಜೆ ಕಾಲು ಊದಿಕೊಳ್ಳುವವರಿಗೆ ಡರ್ಬಿ ವಾಸಿ. ಲೇಸು ಸಡಿಲಿಸಿದರೆ ಜಾಗ ಸಿಗುತ್ತದೆ. ಲೇಸಿಲ್ಲದ ಲೋಫರ್ ಹಾಕಿ ತೆಗೆಯಲು ಸುಲಭ, ಆದರೆ ಚರ್ಮ ಹಿಗ್ಗಿದ ಮೇಲೆ ಬಿಗಿ ಮಾಡಲು ಬರುವುದಿಲ್ಲ. ಚೂಪು ಮೂತಿಯದು ಬೇಡ, ಬೆರಳುಗಳು ಒಂದರ ಮೇಲೊಂದು ಹತ್ತಿಕೊಳ್ಳುತ್ತವೆ. ಕಪ್ಪು ಶೂ ಯಾವ ಪ್ಯಾಂಟಿಗೂ ಹೊಂದುತ್ತದೆ, ಸಭೆಗೂ ಆಗುತ್ತದೆ, ಸಾವಿನ ಮನೆಗೂ ಆಗುತ್ತದೆ. ಕಪ್ಪು ಬೆಲ್ಟೊಂದು ಇದ್ದರೆ ಮುಗಿಯಿತು. ಕಂದು ಬಣ್ಣದ್ದು ಎರಡನೇ ಜೊತೆಯಾಗಿ ತಗೋ.

ಇನ್ನು ಅಳತೆ. ಎಲ್ಲಕ್ಕಿಂತ ದೊಡ್ಡ ವಿಷಯ ಇದು, ಯಾಕೆಂದರೆ ಎಂಥ ಒಳ್ಳೆಯ ಶೂ ಆದರೂ ಕಚ್ಚಿದರೆ ಮೂಲೆ ಸೇರುತ್ತದೆ. ಮೊದಲ ಜೊತೆ ಆನ್‌ಲೈನ್ ಬೇಡ. ಅಂಗಡಿಗೆ ಹೋಗು, ಸಂಜೆ ಹೋಗು. ದಿನವಿಡೀ ನಡೆದ ಕಾಲು ಬೆಳಗಿಗಿಂತ ಸ್ವಲ್ಪ ಹಿಗ್ಗಿರುತ್ತದೆ, ನೀನು ಆಫೀಸಿನಿಂದ ಮರಳುವುದೂ ಆ ಕಾಲಲ್ಲೇ. ಆಫೀಸಿಗೆ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ಹೋಗು. ಎರಡೂ ಕಾಲಿಗೆ ಹಾಕಿ ನೋಡು. ಬಹಳ ಜನರಿಗೆ ಒಂದು ಕಾಲು ಇನ್ನೊಂದಕ್ಕಿಂತ ಕೊಂಚ ದೊಡ್ಡದು. ದೊಡ್ಡ ಕಾಲಿಗೆ ಸರಿಯಾದದ್ದು ತಗೋ. ನಿಂತಾಗ ಉದ್ದನೆಯ ಬೆರಳಿಗೂ ಶೂವಿನ ಮೂತಿಗೂ ನಡುವೆ ಒಂದು ಹೆಬ್ಬೆರಳಿನಗಲ ಜಾಗ ಇರಬೇಕು. ಹಿಮ್ಮಡಿ ಮೇಲಕ್ಕೆ ಜಾರಬಾರದು. ಕಿರುಬೆರಳಿನ ಬದಿ ಒತ್ತಬಾರದು. ಕೂತಲ್ಲೇ ನೋಡಿ ಹೂಂ ಅನ್ನಬೇಡ. ಅಂಗಡಿಯೊಳಗೆ ಹತ್ತು ನಿಮಿಷ ನಡೆದಾಡು, ಮೆಟ್ಟಿಲಿದ್ದರೆ ಹತ್ತಿ ಇಳಿ.

ನಮ್ಮಲ್ಲಿ ಮಾರುವ 7, 8, 9 ನಂಬರುಗಳು ಬ್ರಿಟಿಷ್ ಲೆಕ್ಕದವು. ಒಂದು ನಂಬರಿಗೂ ಇನ್ನೊಂದಕ್ಕೂ ಉದ್ದದಲ್ಲಿ ಸುಮಾರು ಎಂಟೂವರೆ ಮಿಲಿಮೀಟರ್ ವ್ಯತ್ಯಾಸ. ಇವು ಹೇಳುವುದು ಉದ್ದವನ್ನು ಮಾತ್ರ, ಅಗಲವನ್ನಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರಿನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದರು. ನಮ್ಮವರ ಪಾದ ಸಾಮಾನ್ಯವಾಗಿ ಯುರೋಪು, ಅಮೆರಿಕದವರ ಪಾದಕ್ಕಿಂತ ಅಗಲ ಅಂತ ಕಂಡುಬಂತು. ಅದರ ಆಧಾರದ ಮೇಲೆ "ಭಾ" ಅನ್ನುವ ನಮ್ಮದೇ ಅಳತೆಯ ಪದ್ಧತಿಯನ್ನೂ ರೂಪಿಸಿದರು. ನಿನ್ನ ಹಾಗೆ ಬಾಲ್ಯವೆಲ್ಲ ಬರಿಗಾಲಲ್ಲಿ, ಹವಾಯಿ ಚಪ್ಪಲಿಯಲ್ಲಿ ತೋಟ ಗದ್ದೆ ತಿರುಗಿದವನ ಪಾದ ಮುಂದೆ ಹರಡಿಕೊಂಡಿರುತ್ತದೆ. ಹಾಗಾಗಿ ಅಗಲದ ಅಚ್ಚಿನ ಶೂ ಕೇಳು. ಅಗಲ ಸಾಲದೆಂದು ಒಂದು ನಂಬರು ದೊಡ್ಡದು ತಗೊಂಡರೆ ಹಿಮ್ಮಡಿ ಜಾರಿ ಬೊಬ್ಬೆ ಏಳುತ್ತದೆ. ಒಂದು ಸುಲಭದ ದಾರಿ ಹೇಳುತ್ತೇನೆ: ಮನೆಯಲ್ಲೇ ಕಾಗದದ ಮೇಲೆ ನಿಂತು ಪಾದದ ಸುತ್ತ ಗೆರೆ ಎಳೆದು, ಆ ಕಾಗದ ಒಯ್ದು ಶೂವಿನ ಸೋಲಿನ ಮೇಲೆ ಇಟ್ಟು ನೋಡು. ಗೆರೆ ಸೋಲಿನ ಹೊರಗೆ ಚಾಚಿದರೆ ಆ ಶೂ ನಿನ್ನದಲ್ಲ. "ಹಾಕ್ತಾ ಹಾಕ್ತಾ ಲೂಸ್ ಆಗತ್ತೆ ಸಾರ್" ಅಂತ ಅಂಗಡಿಯವರು ಹೇಳುತ್ತಾರೆ. ಚರ್ಮ ಅಗಲದಲ್ಲಿ ಕೊಂಚ ಹಿಗ್ಗುವುದು ನಿಜ, ಉದ್ದದಲ್ಲಿ ಹಿಗ್ಗುವುದಿಲ್ಲ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಿನ್ನಮ್ಮನಿಗೂ ನನಗೂ ಸಕ್ಕರೆ ಕಾಯಿಲೆ ಇದೆ. ನಮ್ಮ ಮನೆತನದಲ್ಲೇ ಇದೆ. ಶೂ ಕಚ್ಚಿದ ಸಣ್ಣ ಗಾಯವನ್ನು ಲಕ್ಷ್ಯ ಮಾಡದೆ, ಅದು ಮಾಯದೆ, ಬೆರಳನ್ನೇ ಕಳೆದುಕೊಂಡವರನ್ನು ನಾನು ಆಸ್ಪತ್ರೆಗಳಲ್ಲಿ ಕಣ್ಣಾರೆ ನೋಡಿದ್ದೇನೆ. ನಿನಗೆ ಈಗ ಇಪ್ಪತ್ಮೂರು, ಏನೂ ಆಗುವುದಿಲ್ಲ. ಆದರೆ ಕಾಲನ್ನು ನೋಡಿಕೊಳ್ಳುವ ಅಭ್ಯಾಸ ಈ ವಯಸ್ಸಲ್ಲೇ ಬರಬೇಕು.

ಎಲ್ಲಿ ಕೊಳ್ಳುವುದು? ಹೆಸರಾದ ಕಂಪನಿಯ ಮಳಿಗೆಗಳು ಎಲ್ಲ ಕಡೆ ಇವೆ. ಅದರ ಜೊತೆಗೆ ನಮ್ಮ ರಾಜ್ಯ ಸರ್ಕಾರದ ಲಿಡ್ಕರ್ ಮಳಿಗೆಗೂ ಒಮ್ಮೆ ಹೋಗು. ಚರ್ಮದ ಕೆಲಸ ಮಾಡುವ ಕುಟುಂಬಗಳ ಏಳಿಗೆಗಾಗಿ 1976ರಲ್ಲಿ ಶುರುವಾದ ನಿಗಮ ಅದು, ಈಗ ಡಾ. ಬಾಬು ಜಗಜೀವನರಾಂ ಅವರ ಹೆಸರಿನಲ್ಲಿದೆ. ಚರ್ಮದ ಶೂ, ಬೆಲ್ಟು, ಚಪ್ಪಲಿ ಅಲ್ಲಿ ಸಿಗುತ್ತವೆ. ಮುಂದೆ ಯಾವಾಗಲಾದರೂ ಚೆನ್ನೈ ಕಡೆ ಹೋದರೆ ದಾರಿಯಲ್ಲಿ ಆಂಬೂರು, ವಾಣಿಯಂಬಾಡಿ ಸಿಗುತ್ತವೆ. ಹೊರದೇಶಕ್ಕೆ ಶೂ ಕಳಿಸುವ ಕಾರ್ಖಾನೆಗಳ ಊರುಗಳು, ಅಲ್ಲಿಯ ಅಂಗಡಿಗಳಲ್ಲೂ ನೋಡಬಹುದು. ಎಲ್ಲೇ ಹೋಗು, ಮೇಲೆ ಹೇಳಿದ ಪರೀಕ್ಷೆ ಮಾಡದೆ ದುಡ್ಡು ಕೊಡಬೇಡ. ಹೆಸರು ನೋಡಿ ಮಾರುಹೋಗಬೇಡ. ಒಂದೇ ಕಂಪನಿಯಲ್ಲಿ ರಟ್ಟಿನ ಶೂವೂ ಇರುತ್ತದೆ, ಗಟ್ಟಿ ಶೂವೂ ಇರುತ್ತದೆ.

ತಂದ ಮೇಲೆ ನಿನ್ನ ಪಾಲಿನ ಕೆಲಸ ಶುರು. ಮೊದಲ ವಾರ ಸಂಜೆ ಹೊತ್ತು ಕೋಣೆಯಲ್ಲೇ ಅರ್ಧ ಗಂಟೆ ಹಾಕಿ ಓಡಾಡು, ಆಮೇಲೆ ಕೆಲಸಕ್ಕೆ ಹಾಕು. ಪ್ರತಿ ಸಲ ಲೇಸು ಬಿಚ್ಚಿಯೇ ಹಾಕಬೇಕು, ಬಿಚ್ಚಿಯೇ ತೆಗೆಯಬೇಕು. ಕಟ್ಟಿದ ಲೇಸಿನಲ್ಲೇ ಕಾಲು ತುರುಕಿದರೆ ಹಿಮ್ಮಡಿಯ ಗಟ್ಟಿ ಭಾಗ ಮುರಿಯುತ್ತದೆ. ಒಂದು ಶೂ ಹಾರ್ನ್ ಇಟ್ಟುಕೋ, ನಲವತ್ತು ಐವತ್ತು ರೂಪಾಯಿ. ರಾತ್ರಿ ಬಂದೊಡನೆ ಒದ್ದೆ ಬಟ್ಟೆಯಲ್ಲಿ ಧೂಳು ಒರೆಸು. ಹಳೆಯ ಪತ್ರಿಕೆ ಉಂಡೆ ಮಾಡಿ ಒಳಗೆ ತುಂಬು. ಬೆವರಿನ ತೇವ ಕಾಗದ ಕುಡಿಯುತ್ತದೆ, ಆಕಾರವೂ ಉಳಿಯುತ್ತದೆ. ಮಳೆಯಲ್ಲಿ ನೆನೆದರೆ ಬಿಸಿಲಿಗಾಗಲಿ ಒಲೆಯ ಹತ್ತಿರವಾಗಲಿ ಒಣಗಲು ಇಡಬೇಡ, ಚರ್ಮ ಸೆಟೆದು ಸೀಳುತ್ತದೆ. ಫ್ಯಾನಿನ ಗಾಳಿಗೆ ಮಗ್ಗುಲಾಗಿ ಇಟ್ಟು, ಕಾಗದ ಎರಡು ಮೂರು ಸಲ ಬದಲಿಸು. ಊರಿಗೆ ಬಂದಾಗ ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡ. ನಮ್ಮ ಮಲೆನಾಡಿನ ಥಂಡಿಗೆ ವಾರದಲ್ಲಿ ಬೂಷ್ಟು ಹಿಡಿಯುತ್ತದೆ. ಗಾಳಿಯಾಡುವ ಹಾಗೆ ಬಟ್ಟೆಯ ಚೀಲದಲ್ಲಿಡು.

ಪಾಲಿಶು ವಾರಕ್ಕೊಮ್ಮೆ, ಭಾನುವಾರ ಸಂಜೆ. ಡಬ್ಬಿಯ ಮೇಣದ ಪಾಲಿಶು ತಗೋ. ಸ್ಪಂಜಿನಲ್ಲಿ ತೀಡಿದೊಡನೆ ಹೊಳೆಯುವ ದ್ರವ ಅವಸರಕ್ಕೆ ಸರಿ, ಚರ್ಮಕ್ಕೆ ಆಹಾರವಲ್ಲ. ಮೊದಲು ಧೂಳು ತೆಗೆ, ಹಳೆ ಬನಿಯನ್ ಚೂರಿನಲ್ಲಿ ತೆಳ್ಳಗೆ ಹಚ್ಚು, ಹತ್ತು ನಿಮಿಷ ಬಿಡು, ಆಮೇಲೆ ಬ್ರಶ್ಶು. ದಪ್ಪಗೆ ಬಳಿದರೆ ಹೊಳಪು ಬರುವುದಿಲ್ಲ, ಧೂಳು ಕೂರುತ್ತದೆ. ಹತ್ತಿಯ ಕಾಲುಚೀಲ ಕನಿಷ್ಠ ಆರು ಜೊತೆ ಇರಲಿ, ದಿನವೂ ಒಗೆದದ್ದು ಹಾಕು. ಹಿಮ್ಮಡಿಯ ಹೊರ ಅಂಚು ಸವೆಯುತ್ತಿದೆ ಅಂತ ಕಂಡ ಕೂಡಲೇ ರಬ್ಬರ್ ತುಂಡು ಹಾಕಿಸು. ತಡಮಾಡಿದರೆ ನೂರೈವತ್ತು ರೂಪಾಯಿಯ ಕೆಲಸ ಆರುನೂರಕ್ಕೆ ಏರುತ್ತದೆ.

ಆರು ತಿಂಗಳು ಕಳೆದ ಮೇಲೆ, ಕೈಯಲ್ಲಿ ದುಡ್ಡು ಉಳಿದರೆ ಎರಡನೇ ಜೊತೆ ತಗೋ. ಬೇರೇನೋ ಬೇಕು ಅನ್ನಿಸಬಹುದು, ಆದರೆ ಇದು ಮೊದಲು. ದಿನ ಬಿಟ್ಟು ದಿನ ಹಾಕಿದರೆ ಒಂದು ಜೊತೆ ಒಣಗಿ ಸುಧಾರಿಸಿಕೊಳ್ಳುತ್ತದೆ, ಎರಡೂ ಹೆಚ್ಚು ಕಾಲ ಬಾಳುತ್ತವೆ. ಎತ್ತಿಗೂ ಒಂದು ದಿನ ಬಿಡುವು ಕೊಡುವ ಮನೆತನದಲ್ಲಿ ಹುಟ್ಟಿದವನಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಮಾತು, ಇದನ್ನು ಮನಸ್ಸಿಟ್ಟು ಕೇಳು. ಬೆಂಗಳೂರಿಗೆ ಹೋದ ಮೊದಲ ವಾರವೇ ನಿನ್ನ ಕೋಣೆಯ ಹತ್ತಿರ, ಬಸ್ ನಿಲ್ದಾಣದಲ್ಲೋ ಮರದ ಕೆಳಗೋ ಶೂ ರಿಪೇರಿ ಮಾಡುವವರು ಯಾರಿದ್ದಾರೆ ನೋಡಿಟ್ಟುಕೋ. ಅವರನ್ನು ಏಕವಚನದಲ್ಲಿ ಮಾತಾಡಿಸಬೇಡ. ಕಾಲಿನಿಂದ ಶೂ ತಳ್ಳಬೇಡ, ಬಿಚ್ಚಿ ಕೈಯಲ್ಲಿ ಕೊಡು. ಐದು ಹತ್ತು ರೂಪಾಯಿಗೆ ಚೌಕಾಶಿ ಮಾಡಬೇಡ. ನಮ್ಮ ನಾಡಿನ ನೆನಪಿನಲ್ಲಿ ಪಾದರಕ್ಷೆ ಹೊಲಿಯುವ ಕಾಯಕದ ಶರಣ ಹರಳಯ್ಯನವರಿದ್ದಾರೆ. ಅವರು ಶರಣು ಅಂದಾಗ ಬಸವಣ್ಣನವರು ಶರಣು ಶರಣಾರ್ಥಿ ಅಂದರಂತೆ. ಒಂದಕ್ಕೆ ಎರಡಾಗಿ ಬಂದ ಆ ಗೌರವದ ಋಣ ತೀರಿಸಲು ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದಲೇ ಚಮ್ಮಾವುಗೆ ಮಾಡಿ ತಂದರೆಂದು ಕಥೆ. ಬಸವಣ್ಣನವರು ಅದನ್ನು ಮೆಟ್ಟಲಿಲ್ಲ, ತಲೆಯ ಮೇಲೆ ಹೊತ್ತರು ಅನ್ನುತ್ತಾರೆ. ಇನ್ನೊಬ್ಬರ ಕಾಲಿಗೆ ನೋವಾಗದಿರಲಿ ಅಂತ ದುಡಿಯುವ ಕೈ ಎಷ್ಟು ದೊಡ್ಡದು ಅನ್ನುವುದನ್ನು ನಾಡು ಎಂಟುನೂರು ವರ್ಷದಿಂದ ಆ ಕಥೆಯಲ್ಲಿ ಹೇಳಿಕೊಂಡು ಬಂದಿದೆ. ಟೈ ಕಟ್ಟಿಕೊಂಡು ಆ ಕೈಯನ್ನು ಕೀಳಾಗಿ ನೋಡಿದರೆ ನಿನ್ನ ಓದಿಗೆ ಬೆಲೆಯಿಲ್ಲ.

ತೀರ್ಥಹಳ್ಳಿಯ ಆ ಅಜ್ಜ ಅಂದು ನನ್ನಿಂದ ದುಡ್ಡು ತಗೊಳ್ಳಲಿಲ್ಲ. ಹೊಲಿಯಲು ಆಗದ್ದಕ್ಕೆ ಕೂಲಿ ಯಾಕೆ ಅಂದರು. ಮುಂದಿನ ತಿಂಗಳ ಸಂಬಳದಲ್ಲಿ ಕಪ್ಪು ಚರ್ಮದ ಶೂ ತಗೊಂಡು, ಹಾಕುವ ಮೊದಲು ಅವರ ಹತ್ತಿರವೇ ಒಯ್ದೆ. ಅವರು ಒಳಗೆ ಬೆರಳು ಹಾಕಿ ಒತ್ತಿದರು, ಅಂಚಿಗೆ ದಬ್ಬಳ ಚುಚ್ಚಿದರು. ನಿಂತಿತು. ತಲೆಯಾಡಿಸಿ ಮೇಣ ತೀಡಿದ ದಾರ ಎಳೆದುಕೊಂಡರು. ಆ ಜೊತೆಗೆ ಎರಡು ಸಲ ಸೋಲು ಬದಲಿಸಿ ಐದು ಮಳೆಗಾಲ ನಡೆದೆ. ಡಾಕ್ಟರ ಎದುರು ನಿಂತಾಗ ಆಮೇಲೆ ಯಾವತ್ತೂ ನನ್ನ ಗಮನ ಕಾಲಿನ ಕಡೆ ಹೋಗಲಿಲ್ಲ, ಹೇಳಬೇಕಾದ ಮಾತಿನ ಮೇಲೇ ಇತ್ತು. ಶೂ ನಮಗೆ ಮಾಡಿಕೊಡಬೇಕಾದ ಉಪಕಾರ ಅಷ್ಟೇ.

ನಿನ್ನ ಜೊತೆ ಕೆಲಸಕ್ಕೆ ಸೇರುವ ಹುಡುಗರಿಗೂ ಇದನ್ನು ಹೇಳು. ಈ ಶನಿವಾರ ಸಂಜೆ ನಿನ್ನಪ್ಪನ ಜೊತೆ ಶಿವಮೊಗ್ಗ ಪೇಟೆಗೆ ಹೋಗು. ದುಡ್ಡು ಸಾಲದಿದ್ದರೆ ಸಂಕೋಚ ಬೇಡ, ನಾನು ಕೊಡುತ್ತೇನೆ. ಮಾವನಿಂದ ಮೊದಲ ಕೆಲಸದ ಉಡುಗೊರೆ ಅಂದುಕೋ. ಆದರೆ ಆರಿಸುವುದು ನೀನೇ. ಶೂ ಕೈಗೆ ತಗೊಂಡ ಕೂಡಲೇ ತಲೆಕೆಳಗು ಮಾಡು. ಸೂಜಿ ನಿಲ್ಲುವ ಜಾಗ ಇದ್ದರೆ ಕಾಲಿಗೆ ಹಾಕಿ ನೋಡು, ಇಲ್ಲದಿದ್ದರೆ ಅಲ್ಲೇ ಇಟ್ಟು ಬಾ.